ಎಡಗಡೆ ಸೀಟಿನ ತೂಕ

ಮೂರು ಡಬ್ಬಿ ಬಿಚ್ಚಿಟ್ಟಾನ ಖದೀರ್ ಉಸ್ತಾದ,
ಹಾಗರಗಾ ಕ್ರಾಸಿನ ಗ್ಯಾರೇಜಿನಾಗ, ಶಹಾಬಾದ ಹಾಸುಗಲ್ಲಿನ ಮ್ಯಾಗ.
ಒಂದು, ಬರೀ ಸ್ಪ್ರಿಂಗ್. ಕೆಂಪು ಬಣ್ಣ, ಕುಳ್ಳು.
ಕಾರು ಕೆಳಗ ಇಳೀತದ, ಫೋಟೋಕ್ಕ ಛಲೋ.
ಇನ್ನೊಂದು ರೇಸಿನವರದು, ಎತ್ತಿದ್ರ
ಮೊಳಕೈ ತನ ಭಾರ ಏರ್ತದ.
ಮೂರನೇದು ಬೂದಿ ಬಣ್ಣ. ಮೆತ್ತಗಿನ ಸ್ಪ್ರಿಂಗು, ದಪ್ಪ ಶಾಕಪ್ಪು,
ತಲಿಮ್ಯಾಗ ಒಂದು ತಿರುಪು, ಮೂವತ್ತೆರಡು ಕ್ಲಿಕ್.

ನಾ ರೇಸಿಂದಕ್ಕೇ ಕೈ ಹಾಕಿದೆ.

"ಯಾವ ರೋಡಿಗ್ರಿ?"
"ಎಲ್ಲಾ ರೋಡಿಗಿ."
"ಎಲ್ಲಾ ರೋಡು ಅಂಬೋ ರೋಡು ಎಲ್ಲೂ ಇಲ್ರಿ. ಹೆಸರು ಹೇಳ್ರಿ."

ಹೇಳಿದೆ. ಸೇಡಂ ರೋಡು, ಮಳಖೇಡ ತನ.
ಎರಿ ಮಣ್ಣಿನ ಮ್ಯಾಗ ಹಾಸಿದ ಡಾಂಬರು,
ಮಳಿಗಾಲಕ್ಕ ಉಬ್ಬತದ, ಬ್ಯಾಸಗಿಗೆ ಬಿರೀತದ.
ಸಿಮೆಂಟ್ ಟ್ಯಾಂಕರ್ ಓಡಾಡಿ ಓಡಾಡಿ
ಎರಡು ಕಾಲುವಿ ಬಿದ್ದಾವ, ನಡುವ ಒಂದು ಬೆನ್ನು,
ಆ ಬೆನ್ನಿಗೆ ನನ್ನ ಕಾರಿನ ಹೊಟ್ಟಿ.
ಅದೇ ರೋಡಿನ ದಂಡಿಗೆ ನನ್ನ ತೂಕದ ಕಾಟಾ.
ಹನ್ನೊಂದು ವರ್ಷ. ಲಾರಿ ಏರ್ತಾವ, ಇಳೀತಾವ,
ಕಿಡಕಿಯಾಗಿಂದ ನಾ ಚೀಟಿ ಕೊಡ್ತೀನಿ:
ತುಂಬಿದ್ದು, ಖಾಲಿದು, ಕಳದು ಉಳದದ್ದು.
ಆ ಚೀಟಿ ರೊಕ್ಕದಾಗೇ ಬಂತು ಈ ಎರಡು ಬಾಗಿಲ ಕಾರು,
ಹೈದರಾಬಾದಿನ ಹಲ್ಲಿನ ಡಾಕ್ಟರನ ಕಡಿಂದ, ಮೂರನೇ ಕೈ.
"ಜಗದೇವಿ, ಇದರ ಡಿಕ್ಕಿಯಾಗ ಒಂದು ಕೊಡ ಸೈತ ಹಿಡಿಯಂಗಿಲ್ಲಲ್ಲೇ!"
ನಕ್ಕರು. ನಗಲಿ.

ಉಸ್ತಾದ ರೇಸಿನ ಡಬ್ಬಿ ಮುಚ್ಚಿದ.
"ಇದು ನುಣ್ಣನ ರೋಡಿನ ಮಗ.
ನಿಮ್ಮ ಕಡಿ ತಂದ್ರ ಗಾಲಿ ಕುಣೀತದ, ನೆಲ ಹಿಡಿಯಂಗಿಲ್ಲ."
ನಾ ಮಾರಿ ಸಣ್ಣ ಮಾಡಿದೆ.
ಖರೇ ಹೇಳಬೇಕಂದ್ರ, ನನಗ ಬಿರುಸೇ ಬೇಕಿತ್ತು,
ಬೆನ್ನಿಗೆ ಬಡಿಯೋ ಬಿರುಸು.

ಬೂದಿ ಬಣ್ಣದ್ದೇ ಹಾಕಿಸಿದೆ. ಎರಡು ದಿನ ಹಿಡೀತು.
ಜಂಗು ಹಿಡಿದ ಬೋಲ್ಟಿಗೆ ಡೀಸೆಲ್ ಹೊಯ್ಕೊಂತ
ಸೈಬಣ್ಣ ಆ ಡಾಕ್ಟರಗ ಬೈದ.

"ಒಳಗ ಕೂಡ್ರಿ, ನಿಮ್ಮ ತೂಕ ಬೇಕು."
ಕುಂತೆ. ಅರವತ್ತೆಂಟು ಅಂದೆ. ಕಾಟಾದಾಕಿ, ಸುಳ್ಳು ಹ್ಯಾಂಗ ಹೇಳ್ಲಿ.
"ಎಡಗಡೆ ಯಾರು ಕೂಡ್ತಾರ?"

ಕಂಪ್ರೆಸರ್ ಆಗಲೇ ಬಂದ್ ಆಗಬೇಕಿತ್ತೇನು.

"ಯಾರೂ ಇಲ್ಲ."
"ಯಾರೂ ಇಲ್ಲ ಅಂದ್ರ ಎಷ್ಟು ಕೇಜಿ ಹಿಡೀಲಿ?"

ಸೈಬಣ್ಣ ಓಡಿ ಹೋಗಿ ಬಾಜೂ ದಾಲ್ ಮಿಲ್ಲಿನಿಂದ
ತೊಗರಿ ಬ್ಯಾಳಿ ಎರಡು ಚೀಲ ಹೊತ್ತು ತಂದ, ಮೂವತ್ತು ಮೂವತ್ತು.
ಒಂದರ ಮ್ಯಾಗ ಒಂದಿಟ್ಟು
ಬೆಲ್ಟ್ ಹಾಕಿದ, ಮದಿವಿ ಗಂಡಗ ಬಾಸಿಂಗ ಕಟ್ಟಿದಂಗ.
ಉಸ್ತಾದ ನಾಕೂ ಮೂಲಿಗೆ ಟೇಪು ಹಿಡಿದ, ತಿರುವಿದ, ಮತ್ತ ಹಿಡಿದ,
ಹದಿನಾಕನೇ ಕ್ಲಿಕ್ಕಿಗೆ ಕೈ ಬಿಟ್ಟ.

ಸಂಜಿ ಆರಕ್ಕ, ಚೀಲ ಕೂಡಿಸ್ಕೊಂಡೇ ಹೊಂಟೆ.
ಮೊದಲನೇ ಕುಣಿಯಾಗ ಹಲ್ಲು ಕಚ್ಚಿ ಹಿಡಿದೆ, ಆದ್ರ
ಕಾರು ಒಮ್ಮೆ ಕುಂತು, ಒಮ್ಮೆ ಎದ್ದು, ಸುಮ್ಮನಾತು.
ಕಾಗಿಣಾ ಸೇತುವಿ ಜೋಡುಗಳು: ಟಪ್, ಟಪ್, ಅಷ್ಟೇ.
ತಿರುವಿನಾಗ ಚೀಲ ಸ್ವಲ್ಪ ನನ್ನ ಕಡಿ ವಾಲ್ತು,
ನೆಟ್ಟಗಾತು.
ಒಂದೂ ಮಾತಾಡ್ಲಿಲ್ಲ. ಛಲೋ ಆತು.

ತಿರುಗಿ ಬಂದು ನನ್ನ ಕಾಟಾದ ಮ್ಯಾಗೇ ಏರಿಸಿದೆ.
ಒಂದು ಸಾವಿರದ ಎರಡನೂರಾ ಅರವತ್ತು.
ಮಾಲು ಅಂಬೋ ಖಾನೆಯಾಗ ಏನು ಬರೀಬೇಕು?
ಪೆನ್ನು ಕಚ್ಚಿ, ಬರದೆ:
ತೊಗರಿ ಬ್ಯಾಳಿ, ಜಗದೇವಿ.

ಚೀಲ ವಾಪಸ್ ಕೊಡ್ಲಿಲ್ಲ, ಮಿಲ್ಲಿಗೆ ರೊಕ್ಕ ಕಳಿಸಿದೆ.
ಮ್ಯಾಲಿನದು ಬಿಚ್ಚೀನಿ, ಬೇಕಾದಾಗ ಒಂದು ಗಿದ್ನ ತಕ್ಕೋತೀನಿ,
ಬ್ಯಾಳಿ ಕುದ್ದಂಗೆಲ್ಲ ಎಡಗಡೆ
ನೂಲಿನಷ್ಟು ಏಳ್ಲತ್ತದ ಕಾರು. ನನಗೊಬ್ಬಾಕಿಗೆ ಗೊತ್ತಾಗ್ತದ.

ಮೊನ್ನಿ ಸೈಬಣ್ಣ ಸ್ಪ್ಯಾನರ್ ಒರಸ್ಕೊಂತ ಕೇಳಿದ:
"ಅಕ್ಕಾ, ಕ್ಲಿಕ್ ಬದಲಿ ಮಾಡೋದೇನ್ರಿ?"

ತಡಿ ಅಂದೆ.
ಇನ್ನಾ ನಲವತ್ತು ಕೇಜಿ ಅದ.